ಹಾಡು ಸಿದ್ಧವಿದೆ, ಕೇಳುವವರನ್ನು ಸೇರಿಸುವುದು ಹೇಗೆ? ಕೋಲಾರ ಜಿಲ್ಲೆಯ ಸ್ವತಂತ್ರ ಗಾಯಕರಿಗೆ ಒಂದು ಕೈಪಿಡಿ

ಮಿಕ್ಸಿಂಗ್ ಮುಗಿದ ರಾತ್ರಿಯೇ ಹಾಡನ್ನು ಯೂಟ್ಯೂಬಿಗೆ ಏರಿಸಿ, ಲಿಂಕನ್ನು ಸಿಕ್ಕ ಸಿಕ್ಕ ವಾಟ್ಸಾಪ್ ಗುಂಪಿಗೆಲ್ಲ ಹಾಕಿ, ಮೂರನೇ ದಿನ ವೀಕ್ಷಣೆಯ ಸಂಖ್ಯೆ ನೋಡಿ ಕುಗ್ಗಿಹೋಗುವವರು ಬಹಳ ಮಂದಿ. ಎಷ್ಟೋ ಸಲ ಹಾಡು ಚೆನ್ನಾಗಿಯೇ ಇರುತ್ತದೆ. ಬಿಡುಗಡೆಗೆ ಮುಂಚೆ ಆಗಬೇಕಿದ್ದ ಕೆಲಸಗಳನ್ನು ಬಿಡುಗಡೆಯಾದ ಮೇಲೆ ಶುರು ಮಾಡಿರುತ್ತಾರೆ.

ಒಂದು ಗುರಿಯಿಂದ ಶುರು ಮಾಡಿ: ಮೊದಲ 200 ಕೇಳುಗರು ಕೋಲಾರ, ಮುಳಬಾಗಿಲು, ಬಂಗಾರಪೇಟೆ, ಮಾಲೂರು, ಶ್ರೀನಿವಾಸಪುರ, ಕೆಜಿಎಫ್ ಈ ಆರು ತಾಲ್ಲೂಕುಗಳೊಳಗೇ ಸಿಗಬೇಕು, ಮತ್ತು ಅವರ ನಂಬರು ನಿಮ್ಮ ಫೋನಿನಲ್ಲಿರಬೇಕು. ಕಾರಣ ಇದೆ. ಸ್ಪಾಟಿಫೈ ಆಗಲಿ, ಯೂಟ್ಯೂಬ್ ಆಗಲಿ, ಹೊಸ ಹಾಡನ್ನು ಮುಂದೆ ಯಾರಿಗೆ ತೋರಿಸಬೇಕೆಂದು ತೀರ್ಮಾನಿಸುವಾಗ ಮೊದಲು ಕೇಳಿದವರು ಏನು ಮಾಡಿದರು ಎಂದು ನೋಡುತ್ತದೆ. ಕೊನೆಯವರೆಗೆ ಕೇಳಿದರೇ, ಉಳಿಸಿಕೊಂಡರೇ, ಮರುದಿನ ಮತ್ತೆ ಬಂದರೇ? ಐದು ಸೆಕೆಂಡಿಗೆ ಎದ್ದುಹೋಗುವ 5,000 ಜನಕ್ಕಿಂತ ಪೂರ್ತಿ ಕೇಳುವ 200 ಜನ ಹಾಡನ್ನು ದೂರ ಒಯ್ಯುತ್ತಾರೆ. ಅಂಥವರು ಸಿಗುವುದು ನಿಮ್ಮನ್ನು ಒಮ್ಮೆಯಾದರೂ ಎದುರಿಗೆ ಕೇಳಿದವರ ನಡುವೆ.

ಹೆಸರು, ಹಕ್ಕು, ಕಾಗದ

ಕಲಾವಿದರ ಹೆಸರನ್ನು ಗಟ್ಟಿ ಮಾಡುವ ಮುಂಚೆ ಅದನ್ನು ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್ ಮೂರರಲ್ಲೂ ಹುಡುಕಿ. ಮಂಜುನಾಥ, ಶ್ರೀನಿವಾಸ, ಲಕ್ಷ್ಮಿಯಂಥ ಒಂಟಿ ಹೆಸರಿಟ್ಟರೆ ನಿಮ್ಮ ಹಾಡು ಬೇರೊಬ್ಬರ ಪುಟದಲ್ಲಿ ಹೋಗಿ ಕೂರುವುದು ಹೆಚ್ಚುಕಡಿಮೆ ಖಚಿತ. ಊರ ಹೆಸರನ್ನೋ ತಂಡದ ಹೆಸರನ್ನೋ ಸೇರಿಸಿ. ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆಯುತ್ತೀರಿ ಎಂಬುದನ್ನೂ ಈಗಲೇ ತೀರ್ಮಾನಿಸಿ, ಎಲ್ಲ ಕಡೆ ಅದನ್ನೇ ಬಳಸಿ. ಒಂದು ಕಡೆ ಒಂದು 'ಎ', ಇನ್ನೊಂದು ಕಡೆ ಎರಡು 'ಎ' ಬಿದ್ದರೆ ಆ್ಯಪ್‌ಗಳು ಇಬ್ಬರು ಕಲಾವಿದರೆಂದೇ ಲೆಕ್ಕ ಹಿಡಿಯುತ್ತವೆ.

ಆಮೇಲೆ ಒಂದು ಹಾಳೆ ತೆಗೆದುಕೊಂಡು ಸಾಹಿತ್ಯ ಯಾರದು, ರಾಗ ಸಂಯೋಜನೆ ಯಾರದು, ಹಾಡಿದವರು, ನುಡಿಸಿದವರು ಯಾರು, ಬರುವ ಹಣದಲ್ಲಿ ಯಾರಿಗೆ ಶೇಕಡಾ ಎಷ್ಟು ಎಂದು ಬರೆದು ಎಲ್ಲರ ಸಹಿ ಹಾಕಿಸಿ. ಹತ್ತು ನಿಮಿಷದ ಕೆಲಸ. ಹಾಡು ಓಡದಿದ್ದರೆ ಆ ಹಾಳೆ ಯಾರಿಗೂ ಬೇಕಾಗುವುದಿಲ್ಲ, ಓಡಿದರೆ ಸ್ನೇಹ ಉಳಿಸುವುದು ಅದೇ. ತಮಟೆ, ಡೋಲು, ನಾದಸ್ವರದವರ ಹೆಸರನ್ನು 'ಮತ್ತು ತಂಡ' ಎಂದು ಮುಚ್ಚಿಬಿಡಬೇಡಿ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂತು. ಆ ವಾದ್ಯ ನುಡಿಸುವವರು ಸಂಗೀತಗಾರರು, ಪ್ರತಿಯೊಬ್ಬರ ಹೆಸರೂ ಹಾಡಿನ ವಿವರದಲ್ಲಿ ಇರಬೇಕು. ಇದರಲ್ಲಿ ಪ್ರಚಾರದ ಲಾಭವೂ ಇದೆ: ಹೆಸರು ಕಂಡ ಕಲಾವಿದ ಆ ಹಾಡನ್ನು ತಮ್ಮ ಊರಿಗೆಲ್ಲ ಕೇಳಿಸುತ್ತಾರೆ.

ಸಿನಿಮಾ ಹಾಡಿನ ಕವರ್, ಅಂದರೆ ಅದೇ ಹಾಡನ್ನು ನಿಮ್ಮ ದನಿಯಲ್ಲಿ ಮತ್ತೆ ಹಾಡಿದ್ದು, ಮೊದಲ ಬಿಡುಗಡೆಯಾಗದಿರಲಿ. ಮೂಲ ಕಂಪನಿ ಹಕ್ಕು ಕೇಳಿದರೆ ಯೂಟ್ಯೂಬಿನ ಆದಾಯ ಅವರಿಗೆ ಹೋಗುತ್ತದೆ. ದೂರು ದಾಖಲಾಗಿ ವಿಡಿಯೋ ತೆಗೆಸಿದರೆ ನಿಮ್ಮ ಚಾನೆಲ್ಲಿಗೆ ಸ್ಟ್ರೈಕ್ (ನಿಯಮ ಮುರಿದದ್ದಕ್ಕೆ ದಾಖಲಾಗುವ ಎಚ್ಚರಿಕೆ) ಬೀಳುತ್ತದೆ, 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಇಂಟರ್‌ನೆಟ್ಟಿನಿಂದ ಇಳಿಸಿದ ಕರೋಕೆ ಟ್ರ್ಯಾಕಿಗೂ ಒಡೆಯರಿರುತ್ತಾರೆ. ತತ್ವಪದ ಹಾಡುವವರಿಗೆ ದಾರಿ ಸುಲಭ. ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ರಚನೆಕಾರರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಳೆದರೆ ಸಾಹಿತ್ಯ ಎಲ್ಲರದೂ. ಕೈವಾರ ತಾತಯ್ಯನವರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಇತ್ತೀಚಿನ ಕ್ಯಾಸೆಟ್ಟಿನಲ್ಲಿ ಯಾರೋ ಹಾಕಿದ ರಾಗ ಅವರದ್ದೇ. ನಿಮ್ಮೂರ ಭಜನೆ ಮಂಡಳಿಯ ಹಳೆಯ ಧಾಟಿಯನ್ನೋ ನಿಮ್ಮದೇ ರಾಗವನ್ನೋ ಬಳಸಿ.

ಸಾಹಿತ್ಯ ಬರೆದವರು, ರಾಗ ಹಾಕಿದವರು ಐಪಿಆರ್‌ಎಸ್ ಸದಸ್ಯರಾಗಬಹುದು. ರೇಡಿಯೋ, ಟಿವಿ, ವೇದಿಕೆಗಳಲ್ಲಿ ಹಾಡು ಬಳಕೆಯಾದಾಗ ರಾಯಧನ ಸಂಗ್ರಹಿಸುವ ಸಂಸ್ಥೆ ಅದು, 1969ರಲ್ಲಿ ಶುರುವಾದದ್ದು. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಸಾಹಿತಿ, ಸಂಯೋಜಕರ ರಾಯಧನದ ಪಾಲನ್ನು ಪೂರ್ತಿ ಬರೆಸಿಕೊಳ್ಳಲು ಕಂಪನಿಗಳಿಗೆ ಕಾನೂನು ಬಿಡುವುದಿಲ್ಲ. ಯಾರಾದರೂ ಆಡಿಯೋ ಹಕ್ಕು ಕೇಳಿ ಬಾಂಡ್ ಪೇಪರ್ ತಂದರೆ ಇದು ನೆನಪಿರಲಿ.

ಫೈಲು ಮತ್ತು ವಿತರಕರು

ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಜಿಯೋಸಾವನ್‌ಗಳಿಗೆ ಹಾಡನ್ನು ಕಳಿಸುವವರು ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ರೂಟ್‌ನೋಟ್‌ನಂಥ ವಿತರಕರು. ಡಿಸ್ಟ್ರೋಕಿಡ್ ವರ್ಷದ ಚಂದಾ ತೆಗೆದುಕೊಳ್ಳುತ್ತದೆ. ಚಂದಾ ನಿಲ್ಲಿಸಿದರೆ ಹಾಡು ಇಳಿದುಹೋಗಬಹುದು. ರೂಟ್‌ನೋಟ್‌ನ ಉಚಿತ ಯೋಜನೆಯಲ್ಲಿ ಮುಂಗಡ ಏನೂ ಇಲ್ಲ, ಬರುವ ಹಣದಲ್ಲಿ ಶೇ 15 ಅವರಿಗೆ. ವರ್ಷಕ್ಕೆ ಒಂದೆರಡು ಹಾಡು ಬಿಡುವವರಿಗೆ ಉಚಿತ ಯೋಜನೆ ಸಾಕು ಎಂಬುದು ನಮ್ಮ ಅಭಿಪ್ರಾಯ. ಜಿಯೋ ಟ್ಯೂನ್‌ನಂಥ ಕಾಲರ್ ಟ್ಯೂನ್ ಬೇಕಿದ್ದರೆ, ಅದನ್ನು ಕೊಡುತ್ತಾರೋ ಇಲ್ಲವೋ ಎಂದು ಸೇರುವ ಮುಂಚೆಯೇ ಕೇಳಿ. ನಮ್ಮ ಹಳ್ಳಿಗಳಲ್ಲಿ ಸ್ಪಾಟಿಫೈ ಇಲ್ಲದ ಫೋನಿನಲ್ಲೂ ಕಾಲರ್ ಟ್ಯೂನ್ ಇರುತ್ತದೆ.

ಕಳಿಸಬೇಕಾದ್ದು ವೇವ್ ಫೈಲು, 44.1 ಕಿಲೋಹರ್ಟ್ಸ್, 16 ಅಥವಾ 24 ಬಿಟ್. ಎಂಪಿ3ಯನ್ನು ವೇವ್ ಆಗಿ ಬದಲಾಯಿಸಿ ಕಳಿಸಿದರೆ ಕಳೆದುಹೋದ ಗುಣಮಟ್ಟ ವಾಪಸ್ ಬರುವುದಿಲ್ಲ. ಸ್ಪಾಟಿಫೈ ಎಲ್ಲ ಹಾಡನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ದನಿ ಎಷ್ಟು ಜೋರು ಎಂಬುದರ ಅಳತೆ) ಮಟ್ಟಕ್ಕೆ ತಂದು ನುಡಿಸುತ್ತದೆ. ಹಾಗಾಗಿ ಸ್ಟುಡಿಯೋದವರು 'ಜೋರಾಗಿ ಮಾಡಿಕೊಟ್ಟಿದ್ದೇನೆ' ಅಂದರೆ ಅಲ್ಲಿ ಅದರಿಂದ ಪ್ರಯೋಜನವಿಲ್ಲ, ತಮಟೆಯ ಏಟು ಮಾತ್ರ ಚಪ್ಪಟೆಯಾಗುತ್ತದೆ. ದನಿಯ ಅತಿ ಎತ್ತರದ ಬಿಂದು ಮೈನಸ್ 1 ಡೆಸಿಬಲ್ ದಾಟದಿರಲಿ.

ಕವರ್ ಚಿತ್ರ 3000 × 3000 ಪಿಕ್ಸೆಲ್, ಚೌಕ. ಅದರ ಮೇಲೆ ಫೋನ್ ನಂಬರು, ಇನ್‌ಸ್ಟಾಗ್ರಾಂ ಹೆಸರು, ಯೂಟ್ಯೂಬ್ ಲಾಂಛನ ಹಾಕಿದರೆ ವಿತರಕರು ತಿರಸ್ಕರಿಸುತ್ತಾರೆ. ನಮ್ಮ ಕಡೆಯ ಫ್ಲೆಕ್ಸ್ ವಿನ್ಯಾಸಗಾರರು ರೂಢಿಯಲ್ಲಿ ಇವನ್ನೆಲ್ಲ ಹಾಕಿಬಿಡುತ್ತಾರೆ, ಮೊದಲೇ ಹೇಳಿ. ಹಾಡಿನ ಭಾಷೆ ಎಂಬ ಜಾಗದಲ್ಲಿ 'ಕನ್ನಡ' ಎಂದೇ ಆರಿಸಿ. ಖಾಲಿ ಬಿಟ್ಟರೆ ಅಥವಾ ಹಿಂದಿ ಎಂದು ಬಿದ್ದರೆ ಹಾಡು ತಪ್ಪು ಜನರ ಮುಂದೆ ಹೋಗುತ್ತದೆ. ಈ ಗಡಿ ಜಿಲ್ಲೆಯಲ್ಲಿ ಒಂದೇ ಹಾಡನ್ನು ತೆಲುಗಿನಲ್ಲೂ ಹಾಡುವವರಿದ್ದಾರೆ. ಆಗ ಎರಡನ್ನೂ ಬೇರೆ ಬೇರೆ ಹಾಡಾಗಿ, ಬೇರೆ ಭಾಷೆಯಲ್ಲಿ ಹಾಕಿ.

ಪ್ರತಿ ಹಾಡಿಗೆ 12 ಅಕ್ಷರದ ಐಎಸ್‌ಆರ್‌ಸಿ ಸಂಖ್ಯೆ ಬರುತ್ತದೆ, ಬಹುತೇಕ ವಿತರಕರು ಉಚಿತವಾಗಿ ಕೊಡುತ್ತಾರೆ. ಬರೆದಿಟ್ಟುಕೊಳ್ಳಿ. ಮುಂದೆ ವಿತರಕರನ್ನು ಬದಲಿಸಿದಾಗ ಅದೇ ಸಂಖ್ಯೆ ಕೊಟ್ಟರೆ ಹಳೆಯ ಕೇಳುಗರ ಲೆಕ್ಕ ಉಳಿಯುತ್ತದೆ, ಹೊಸದು ಪಡೆದರೆ ಸೊನ್ನೆಯಿಂದ ಶುರು. ಇನ್ನೊಂದು ಎಚ್ಚರಿಕೆ ಕಂಟೆಂಟ್ ಐಡಿಯದು, ಅಂದರೆ ನಿಮ್ಮ ಹಾಡು ಬೇರೆಯವರ ವಿಡಿಯೋದಲ್ಲಿ ಬಂದರೆ ಯೂಟ್ಯೂಬ್ ತಾನಾಗಿ ಪತ್ತೆಹಚ್ಚುವ ವ್ಯವಸ್ಥೆಯದು; ವಿತರಕರ ಅರ್ಜಿಯಲ್ಲಿ ಅದೊಂದು ಆಯ್ಕೆ. ನಿಮ್ಮ ಹಾಡಿನಲ್ಲಿ ಎಲ್ಲರೂ ಬಳಸುವ ಉಚಿತ ಲೂಪ್ ಅಥವಾ ಹಲವರಿಗೆ ಮಾರಿದ ಬೀಟ್ ಇದ್ದರೆ ಆ ಆಯ್ಕೆಗೆ ಗುರುತು ಹಾಕಬೇಡಿ; ಅದೇ ಲೂಪ್ ಬಳಸಿದ ಬೇರೆಯವರ ವಿಡಿಯೋಗಳ ಮೇಲೆ ನಿಮ್ಮ ಹೆಸರಿನಲ್ಲಿ ದೂರು ಹೋಗಿ ಖಾತೆಗೇ ತೊಂದರೆಯಾಗುತ್ತದೆ.

ಆರು ವಾರ

ಬಿಡುಗಡೆಯ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ. ಆರು ವಾರ ಮುಂಚೆ ಫೈಲು, ಕವರ್, ಸಹಿ ಹಾಕಿದ ಹಾಳೆ ಸಿದ್ಧ. ಐದು ವಾರ ಮುಂಚೆ ವಿತರಕರಿಗೆ ಅಪ್‌ಲೋಡ್. ಹಾಡು ಸ್ಪಾಟಿಫೈಗೆ ತಲುಪಿದ ಕೂಡಲೇ 'ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್' ಖಾತೆ ತೆರೆದು, ಹಾಡನ್ನು ತಮ್ಮ ಪಟ್ಟಿಗಳಿಗೆ ಸೇರಿಸಿಕೊಳ್ಳುವಂತೆ ಅಲ್ಲಿನ ಸಂಪಾದಕರಿಗೆ ಮನವಿ ಕಳಿಸಿ. ಇದಕ್ಕೆ ಬಿಡುಗಡೆಗೆ ಕಡೇಪಕ್ಷ 7 ದಿನ ಇರಬೇಕು, ಆಗ ಹಿಂಬಾಲಕರ ವಾರದ ಪಟ್ಟಿಯಲ್ಲೂ ಹಾಡು ಬರುತ್ತದೆ. ಬಿಡುಗಡೆಯಾದ ಹಾಡಿಗೆ ಮನವಿ ಸಲ್ಲಿಸಲು ಬರುವುದಿಲ್ಲ, ಆತುರದವರು ಕಳೆದುಕೊಳ್ಳುವುದು ಇದನ್ನೇ. ಮನವಿಗೆ ಇರುವ ಜಾಗ 500 ಅಕ್ಷರ. 'ತುಂಬಾ ಕಷ್ಟಪಟ್ಟು ಮಾಡಿದ್ದೇವೆ' ಎನ್ನುವುದಕ್ಕಿಂತ ಯಾವ ವಾದ್ಯ, ಯಾವ ಸಂದರ್ಭದ ಹಾಡು, ಯಾವ ಊರಿನ ಧಾಟಿ, ಬಿಡುಗಡೆಯ ವಾರ ಎಲ್ಲಿ ಹಾಡುತ್ತಿದ್ದೀರಿ ಎಂಬುದನ್ನು ಬರೆಯಿರಿ.

ದಿನ ಆರಿಸುವಾಗ ಒಂದು ಮಾತು. ದೇವರ ಹಾಡು, ಹಬ್ಬದ ಹಾಡುಗಳನ್ನು ಹಬ್ಬದ ದಿನ ಬಿಡುವವರಿದ್ದಾರೆ. ಗಣೇಶನ ಹಾಡು ಚೌತಿಯ ದಿನ ಬಂದರೆ ಪೆಂಡಾಲಿನವರ ಪೆನ್‌ಡ್ರೈವ್ ಅಷ್ಟು ಹೊತ್ತಿಗೆ ತುಂಬಿರುತ್ತದೆ. ಮೂರು ನಾಲ್ಕು ವಾರ ಮುಂಚೆ ಬಿಡಿ.

ಪೆನ್‌ಡ್ರೈವ್ ಎಂದಾಗ ನೆನಪಾಯಿತು, ಅದನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬೇಡಿ. ಖಾಸಗಿ ಬಸ್ಸು, ಟ್ರ್ಯಾಕ್ಟರು, ಟೊಮೆಟೊ ಮಂಡಿಗೆ ಹೋಗುವ ಟೆಂಪೊ, ಶಾಮಿಯಾನ-ಸೌಂಡ್ಸ್ ಅಂಗಡಿ ಎಲ್ಲ ಕಡೆ ಹಾಡು ನಡೆಯುವುದು ಅದರಲ್ಲೇ. 320 ಕೆಬಿಪಿಎಸ್‌ನ ಎಂಪಿ3 ಮಾಡಿಸಿ. ಇಲ್ಲಿ ಸ್ಪಾಟಿಫೈನಂತೆ ಮಟ್ಟ ಸರಿಪಡಿಸುವವರು ಯಾರೂ ಇಲ್ಲ, ಆದ್ದರಿಂದ ಸ್ವಲ್ಪ ಜೋರಿನ ಇನ್ನೊಂದು ಮಾಸ್ಟರ್ (ಅಂತಿಮ ಪ್ರತಿ) ಸ್ಟುಡಿಯೋದವರಿಂದ ಕೇಳಿ ಪಡೆಯಿರಿ. ಫೈಲಿನ ಹೆಸರು, ಟ್ಯಾಗುಗಳು ಇಂಗ್ಲಿಷ್ ಅಕ್ಷರದಲ್ಲಿರಲಿ. ಗಾಡಿಯ ಸ್ಟೀರಿಯೋಗಳಲ್ಲಿ ಕನ್ನಡ ಬಹಳ ಸಲ ಖಾಲಿ ಚೌಕಗಳಾಗಿ ಕಾಣುತ್ತದೆ. ತಾಲ್ಲೂಕಿಗೆ ಐದು ಸೌಂಡ್ಸ್ ಅಂಗಡಿಗಳಿಗೆ ನೀವೇ ಹೋಗಿ ಕೊಟ್ಟು ಬನ್ನಿ.

ಚಿಕ್ಕ ವಿಡಿಯೋ

ಹೊರದೇಶದ ಸಲಹೆಗಳಲ್ಲಿ ಟಿಕ್‌ಟಾಕ್ ಮಾತೇ ಹೆಚ್ಚು. ನಮ್ಮಲ್ಲಿ ಅದು 2020ರ ಜೂನ್‌ನಿಂದ ನಿಷೇಧದಲ್ಲಿದೆ. ರೀಲ್ಸ್ ಮತ್ತು ಶಾರ್ಟ್ಸ್ ನಮ್ಮ ಪಾಲಿನವು. ಒಂದು ಹಾಡಿನಿಂದ ಎಂಟು ತುಣುಕು ಮಾಡಿ, ಎಲ್ಲವೂ 1080 × 1920 ಅಳತೆಯಲ್ಲಿ, 15ರಿಂದ 30 ಸೆಕೆಂಡು. ಮೊದಲ ಎರಡು ಸೆಕೆಂಡಿನಲ್ಲಿ ದನಿಯೋ ತಾಳವೋ ಶುರುವಾಗಿರಬೇಕು. ಕಂಪನಿಯ ಲಾಂಛನ, ಉರಿಯುವ ದೀಪ, 'ಅರ್ಪಿಸುವ' ಎಂಬ ಅಕ್ಷರ ಇವೆಲ್ಲ ಬರುವಷ್ಟರಲ್ಲಿ ನೋಡುವವರ ಹೆಬ್ಬೆರಳು ಮುಂದಕ್ಕೆ ಹೋಗಿರುತ್ತದೆ.

ಸಾಲುಗಳನ್ನು ಕನ್ನಡದಲ್ಲಿ ಪರದೆಯ ಮೇಲೆ ಬರೆಯಿರಿ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಸಾಹಿತ್ಯವನ್ನು ಫೋನಿಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಯೂನಿಕೋಡಿಗೆ ಬದಲಾಯಿಸಿಕೊಳ್ಳಿ. ಎಡಿಟಿಂಗ್ ಆ್ಯಪಿನಲ್ಲಿ ಒತ್ತಕ್ಷರ ಒಡೆದುಹೋಗಿದೆಯೇ ಎಂದು 'ಕ್ಷ', 'ಸ್ತ್ರೀ', 'ಅರ್ಥ' ಈ ಮೂರನ್ನು ಟೈಪಿಸಿ ನೋಡಿದರೆ ಸಾಕು.

ತಮಟೆಯನ್ನು ಫೋನಿನಲ್ಲಿ ನೇರ ಹಿಡಿದರೆ ದನಿ ಒಡೆಯುತ್ತದೆ. ಬೆಂಕಿಗೆ ಕಾಯಿಸಿ ಬಿಗಿಯಾದ ಚರ್ಮದ ಏಟನ್ನು ಫೋನಿನ ಮೈಕು ತಾಳಲಾರದು. ಎಂಟು ಹತ್ತು ಅಡಿ ದೂರ, ವಾದ್ಯದ ನೇರಕ್ಕಲ್ಲದೆ ಸ್ವಲ್ಪ ಓರೆಗೆ ನಿಂತು ಚಿತ್ರೀಕರಿಸಿ. ರೆಕಾರ್ಡರ್ ಇದ್ದರೆ ಏಟಿನ ತುದಿ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲುವಂತೆ ಇಟ್ಟು, ಆ ದನಿಯನ್ನು ಆಮೇಲೆ ವಿಡಿಯೋಗೆ ಜೋಡಿಸಿ.

ಹಾಡು ಬಿಡುಗಡೆಯಾದ ಮೇಲೆ ರೀಲ್ಸ್‌ಗೆ ನಿಮ್ಮ ಫೋನಿನ ಆಡಿಯೋ ಬಳಸದೆ ಇನ್‌ಸ್ಟಾಗ್ರಾಂ ಸಂಗೀತ ಪಟ್ಟಿಯಲ್ಲಿರುವ ನಿಮ್ಮ ಹಾಡನ್ನೇ ಆರಿಸಿ, ಆಗಲೇ ಬೇರೆಯವರು ಅದನ್ನು ಬಳಸಲು ಸಾಧ್ಯ. ಪಟ್ಟಿಯಲ್ಲಿ ಹಾಡು ಕಾಣದಿದ್ದರೆ ನಿಮ್ಮ ಖಾತೆ ಬಿಸಿನೆಸ್ ಮಾದರಿಯದಾಗಿದೆಯೇ ನೋಡಿ. ಅದಕ್ಕೆ ಸಂಗೀತದ ಪಟ್ಟಿ ಸೀಮಿತ. ಕ್ರಿಯೇಟರ್ ಖಾತೆಗೆ ಬದಲಿಸಿ.

ವೇದಿಕೆ: 200 ಜನ ಸಿಗುವ ಜಾಗ

ಇಲ್ಲಿ ಜಾಸ್ತಿ ಹೊತ್ತು ಕಳೆಯಿರಿ. ಊರ ದೀಪೋತ್ಸವ, ಜಾತ್ರೆ, ಆವಣಿಯಲ್ಲಿ ಶಿವರಾತ್ರಿ, ಗಣೇಶೋತ್ಸವದ ಆರ್ಕೆಸ್ಟ್ರಾ, ನವೆಂಬರ್ ತಿಂಗಳಿಡೀ ರಾಜ್ಯೋತ್ಸವ, ಕಾಲೇಜು ವಾರ್ಷಿಕೋತ್ಸವ, ಕೋಲಾರದ ಟಿ. ಚನ್ನಯ್ಯ ರಂಗಮಂದಿರದ ಕಾರ್ಯಕ್ರಮಗಳು. ಹೊಸ ಪದ ಕೇಳಲೆಂದೇ ಕೂರುವ ಜನ ಬೇಕಿದ್ದರೆ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ನಡೆದುಬಂದಿರುವ 'ಹುಣ್ಣಿಮೆ ಹಾಡು' ಇದೆ. ಮೊದಲ ಸಲ ಕೇಳುಗರಾಗಿ ಹೋಗಿ, ಆಮೇಲೆ ಹಾಡುವ ಮಾತೆತ್ತಿ.

ಆರ್ಕೆಸ್ಟ್ರಾದಲ್ಲಿ ಕರೆಸುವವರು ಸಿನಿಮಾ ಹಾಡಿಗಾಗಿಯೇ ಕರೆಸಿರುತ್ತಾರೆ. ನಿಮ್ಮ ಸ್ವಂತ ಹಾಡನ್ನು ಮೂರನೆಯದಾಗಿ ಇಡಿ, ನಾಲ್ಕು ನಿಮಿಷ ದಾಟದಂತೆ. ಮೊದಲನೆಯದಾದರೆ ಜನ ಇನ್ನೂ ಕುರ್ಚಿ ಹುಡುಕುತ್ತಿರುತ್ತಾರೆ, ಕೊನೆಗಿಟ್ಟರೆ ಚಪ್ಪಲಿ ಹುಡುಕುತ್ತಿರುತ್ತಾರೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಕಾರ್ಯಕ್ರಮ ತಡವಾಗಿ ಶುರುವಾದಾಗ ಮೊದಲು ಕತ್ತರಿ ಬೀಳುವುದು ಹೊಸಬರ ಹಾಡಿಗೆ, ಕೊನೆಗಿಡಬಾರದು ಎನ್ನಲು ಇದೂ ಒಂದು ಕಾರಣ. ಪೊಲೀಸ್ ಅನುಮತಿ ಆಯೋಜಕರ ಹೊಣೆಯೆಂದು ಮುಂಚೆಯೇ ಮಾತಾಡಿಕೊಳ್ಳಿ.

ಹಾಡಿದ ಮೇಲೆ ಜನರನ್ನು ಹಿಡಿದಿಟ್ಟುಕೊಳ್ಳುವ ಕೆಲಸ. ಎ3 ಅಳತೆಯ ಕ್ಯೂಆರ್ ಹಾಳೆ ಎರಡು: ಒಂದು ವೇದಿಕೆಯ ಬದಿಗೆ, ಇನ್ನೊಂದು ಬಜ್ಜಿ ಅಂಗಡಿಯ ಪಕ್ಕ ಬೆಳಕಿರುವ ಕಡೆ. ಕೆಲವು ಉಚಿತ ಕ್ಯೂಆರ್ ತಾಣಗಳು ಕೊಡುವ ಕೋಡ್ ಪ್ರಯೋಗದ ಅವಧಿ ಮುಗಿದ ಮೇಲೆ ಕೆಲಸ ನಿಲ್ಲಿಸುತ್ತದೆ. ನಡುವೆ ಬೇರೆ ವಿಳಾಸ ಬಾರದೆ ನೇರವಾಗಿ ನಿಮ್ಮ ವಾಟ್ಸಾಪ್ ಲಿಂಕಿಗೆ ಹೋಗುವ ಕೋಡನ್ನೇ ಮಾಡಿಸಿ. ಜಾತ್ರೆಯ ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೂತುಹೋಗುತ್ತದೆ, ಆಗ ಕ್ಯೂಆರ್‌ನಿಂದ ಉಪಯೋಗವಿಲ್ಲ. ಅದಕ್ಕೇ ನಂಬರನ್ನು ದೊಡ್ಡ ಅಂಕಿಯಲ್ಲಿ ಬರೆಸಿ, 'ಈ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡಿ, ಈ ಹಾಡು ನಿಮ್ಮ ಫೋನಿಗೆ ಬರುತ್ತದೆ' ಎಂದು ಮೈಕಿನಲ್ಲಿ ಎರಡು ಸಲ ಹೇಳಿ. ಜೊತೆಗೊಬ್ಬರು ನೋಟ್‌ಬುಕ್ ಹಿಡಿದು ನಿಂತಿರಲಿ. ಹೆಸರು, ಊರು, ನಂಬರು, ಇಷ್ಟೇ. ಒಂದು ರಾತ್ರಿಗೆ ಹದಿನೈದು ನಂಬರು ಬಂದರೂ ಒಳ್ಳೆಯ ಫಸಲು.

ಮರುದಿನ ಸಂಜೆಯೊಳಗೆ ಹಾಡನ್ನು ಕಳಿಸಿ. ಎರಡು ದಿನ ತಡವಾದರೆ ನೀವು ಯಾರೆಂಬುದೇ ಮರೆತಿರುತ್ತದೆ.

ವಾಟ್ಸಾಪನ್ನು ಹದವಾಗಿ

ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. 'ಕಳಿಸಿದೆ, ಯಾರೂ ನೋಡಲಿಲ್ಲ' ಎಂಬ ದೂರಿನ ಮೂಲ ಬಹಳ ಸಲ ಇದೇ. ಮೊದಲ ಸಂದೇಶದಲ್ಲೇ ನಂಬರು ಸೇವ್ ಮಾಡಿಕೊಳ್ಳಲು ಕೇಳಿ. ಒಪ್ಪಿಗೆಯಿಲ್ಲದೆ ಗುಂಪಿಗೆ ಸೇರಿಸಿದರೆ ಜನ ದೂರು ಒತ್ತುತ್ತಾರೆ, ನಂಬರೇ ನಿಷೇಧವಾಗಬಹುದು. ತಿಂಗಳಿಗೆ ಎರಡು ಸಂದೇಶ ಸಾಕು, ಶುಭೋದಯದ ಚಿತ್ರ ಬೇಡ. ಸಂಜೆ ಡೇರಿಗೆ ಹಾಲು ಹಾಕಿ ಬಂದು ಊಟ ಮುಗಿಯುವ ಹೊತ್ತು, ಎಂಟೂವರೆಯ ಸುಮಾರಿಗೆ ಕಳಿಸಿ. ಮಾರಿಕುಪ್ಪಂ, ಬಂಗಾರಪೇಟೆ, ಮಾಲೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗುವವರು ಬೆಳಗ್ಗೆ ಇಯರ್‌ಫೋನ್ ಹಾಕಿ ಕೂರುತ್ತಾರೆ. ರಾತ್ರಿ ಬಂದ ಲಿಂಕನ್ನು ಅವರು ಆಗ ಕೇಳುತ್ತಾರೆ.

ವಿಡಿಯೋವನ್ನು ನೇರ ಕಳಿಸಿದರೆ ವಾಟ್ಸಾಪ್ ಹಿಂಡಿ ಚಿಕ್ಕದು ಮಾಡುತ್ತದೆ; ಪತ್ರಕರ್ತರಿಗೆ, ಆಯೋಜಕರಿಗೆ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಪತ್ರಿಕೆಗೆ 150 ಪದದ ಟಿಪ್ಪಣಿ, ಒಂದು ಸ್ಪಷ್ಟ ಫೋಟೊ, ಕಾರ್ಯಕ್ರಮದ ದಿನ, ಜಾಗ. ನುಡಿ ಮತ್ತು ಯೂನಿಕೋಡ್ ಎರಡೂ ಪ್ರತಿ ಕೊಟ್ಟರೆ ಅಚ್ಚಾಗುವ ಸಾಧ್ಯತೆ ಹೆಚ್ಚು.

ದುಡ್ಡು

ಕೈಯಲ್ಲಿ 15,000 ರೂಪಾಯಿ ಇದ್ದರೆ ಹೀಗೆ ಹಂಚಬಹುದು: ನುಡಿಸುವವರಿಗೆ 5,000, ಮಿಕ್ಸಿಂಗ್-ಮಾಸ್ಟರಿಂಗಿಗೆ 5,000, ಚಿತ್ರೀಕರಣಕ್ಕೆ 2,000, ಮುದ್ರಣ ಮತ್ತು ಪೆನ್‌ಡ್ರೈವಿಗೆ 1,500, ಜಾಹೀರಾತಿಗೆ 1,500. ಜಾಹೀರಾತನ್ನು ಕೊನೆಗಿಡಿ. ಎಂಟು ತುಣುಕುಗಳಲ್ಲಿ ತಾನಾಗಿ ಓಡಿದ್ದು ಯಾವುದೆಂದು ತಿಳಿದ ಮೇಲೆ, ಅದೊಂದಕ್ಕೇ ದಿನಕ್ಕೆ 300 ರೂಪಾಯಿಯಂತೆ ಐದು ದಿನ. ಕೋಲಾರದ ಸುತ್ತ 40 ಕಿಲೋಮೀಟರ್ ಎಂದು ಆರಿಸಿ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶದ ಹುಡುಗ ಹುಡುಗಿಯರು ಒಳಗೆ ಬರುತ್ತಾರೆ, ಬೆಂಗಳೂರು ಹೊರಗುಳಿಯುತ್ತದೆ. 'ಕರ್ನಾಟಕ ಪೂರ್ತಿ' ಎಂದು ಒತ್ತಿದರೆ ಈ 1,500 ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಇಷ್ಟು ದುಡ್ಡಿಗೆ ಇಷ್ಟು ಸಾವಿರ ವೀಕ್ಷಣೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಕಲಿ ಕೇಳುಗರು ಕಂಡುಬಂದರೆ 2024ರಿಂದ ಸ್ಪಾಟಿಫೈ ವಿತರಕರಿಗೆ ಹಾಡಿನ ಲೆಕ್ಕದಲ್ಲಿ ದಂಡ ಹಾಕುತ್ತದೆ. ವಿತರಕರು ನಿಮ್ಮ ಹಾಡನ್ನು ಇಳಿಸಬಹುದು, ಖಾತೆ ಮುಚ್ಚಲೂಬಹುದು. ನಿಜವಾದ ಆದಾಯದ ಬಗ್ಗೆಯೂ ತಿಳಿದಿರಲಿ. ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳಿದರೆ ಮಾತ್ರ ಒಂದು ಲೆಕ್ಕ, 12 ತಿಂಗಳಲ್ಲಿ 1,000 ದಾಟದ ಹಾಡಿಗೆ ಹಣವಿಲ್ಲ. ಯೂಟ್ಯೂಬಿನ ಜಾಹೀರಾತು ಪಾಲಿಗೆ 1,000 ಚಂದಾದಾರರ ಜೊತೆಗೆ ವರ್ಷದಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬೇಕು. ಮೊದಲ ಎರಡು ವರ್ಷ ಮನೆಗೆ ಹಣ ಬರುವುದು ವೇದಿಕೆಯಿಂದಲೇ.

ಅಂಕಿ ಓದುವುದು

ವಾರಕ್ಕೊಮ್ಮೆ, ಭಾನುವಾರ, ಮೂರೇ ಅಂಕಿ ನೋಡಿ: ಯೂಟ್ಯೂಬಿನಲ್ಲಿ 30ನೇ ಸೆಕೆಂಡಿಗೆ ಉಳಿದವರ ಶೇಕಡಾವಾರು, ಸ್ಪಾಟಿಫೈಯಲ್ಲಿ ಉಳಿಸಿಕೊಂಡವರು, ನಿಮ್ಮ ಪಟ್ಟಿಗೆ ಸೇರಿದ ಹೊಸ ನಂಬರು. ಯೂಟ್ಯೂಬ್ ತೋರಿಸುವ ಉಳಿದವರ ರೇಖೆ ಮೊದಲ ಹತ್ತು ಸೆಕೆಂಡಿನಲ್ಲೇ ಕುಸಿದಿದ್ದರೆ ಆರಂಭದ ಸಂಗೀತ ಉದ್ದವಾಗಿದೆ. ಪಲ್ಲವಿಯ ನಂತರ ಕುಸಿದರೆ ಹಾಡೇ ಅಲ್ಲಿ ಸಡಿಲಾಗಿದೆ, ಮುಂದಿನದರಲ್ಲಿ ಚರಣ ಬೇಗ ತನ್ನಿ. ಊರುಗಳ ಪಟ್ಟಿಯಲ್ಲಿ 'ಬೆಂಗಳೂರು' ದೊಡ್ಡದಾಗಿ ಕಂಡರೆ ನಮ್ಮೂರವರು ಕೇಳುತ್ತಿಲ್ಲ ಎಂದುಕೊಳ್ಳಬೇಡಿ. ಮೊಬೈಲ್ ಡೇಟಾ ಬಳಸುವವರು ಹತ್ತಿರದ ದೊಡ್ಡ ನಗರದ ಹೆಸರಿನಲ್ಲಿ ಕಾಣಿಸುವುದುಂಟು. ನೋಟ್‌ಬುಕ್ಕಿನಲ್ಲಿ ಬರೆದ ಊರುಗಳು ಇದಕ್ಕಿಂತ ಸರಿಯಾದ ಲೆಕ್ಕ ಕೊಡುತ್ತವೆ.

ಎರಡನೇ ಹಾಡನ್ನು ಆರರಿಂದ ಎಂಟು ವಾರದೊಳಗೆ ಬಿಡಿ. ಅದರ ಕರಡನ್ನು, ಬರೀ ದನಿ ಮತ್ತು ತಾಳ ಸಾಕು, ಪಟ್ಟಿಯ 200 ಜನರಲ್ಲಿ ಹೆಚ್ಚು ಉತ್ತರಿಸುವ ಇಪ್ಪತ್ತು ಮಂದಿಗೆ ಮೊದಲೇ ಕಳಿಸಿ, ಯಾವ ಸಾಲು ಬಾಯಿಗೆ ಬಂತು ಎಂದು ಕೇಳಿ. ಹೆಚ್ಚು ಜನ ಹೇಳಿದ ಸಾಲಿನಿಂದಲೇ ಮೊದಲ ರೀಲ್ಸ್ ಮಾಡಿ.